ಹೊಟ್ಟೆಗೆ ಆಕಾಶದ ಬಣ್ಣ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಪದ. ಯುದ್ಧಕಾಲದ ಹಳದಿಗಟ್ಟಿದ ಆದೇಶಪತ್ರವೊಂದರಲ್ಲಿ ಯಾರೋ ಪುಣ್ಯಾತ್ಮ ಬರೆದುಬಿಟ್ಟಿದ್ದ: 'ವಿಮಾನದ ಹೊಟ್ಟೆಗೆ ಆಕಾಶದ ಬಣ್ಣ ಬಳಿಯತಕ್ಕದ್ದು.' ಕೆಳಗೆ ನಿಂತ ಶತ್ರು ತಲೆಯೆತ್ತಿ ನೋಡಿದರೆ ವಿಮಾನ ಯಾವುದು, ಆಕಾಶ ಯಾವುದು ಎಂದು ಗೊತ್ತಾಗಬಾರದು ಎಂಬುದು ಅವನ ಉದ್ದೇಶ. ಆದರೆ ಎಷ್ಟು ಗಂಟೆಯ ಆಕಾಶ ಎಂದು ಬರೆಯುವಷ್ಟು ವ್ಯವಧಾನ ಅವನಿಗೆ ಇರಲಿಲ್ಲ. ಪಾಪ, ಯುದ್ಧ ನಡೆಯುತ್ತಿತ್ತಲ್ಲ.

ವಸ್ತುಸಂಗ್ರಹಾಲಯದ ಪೇಂಟರನ್ನು ಎಲ್ಲರೂ ಡಬ್ಬಿರಾಯರು ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹಳೆಯ ಯುದ್ಧವಿಮಾನದ ರೆಕ್ಕೆ, ಬಾಲ, ಮೂತಿ ಎಲ್ಲಕ್ಕೂ ಅವರು ಬಣ್ಣ ಬಳಿದು ಮುಗಿಸಿದ್ದರು. ಹೊಟ್ಟೆಯೊಂದೇ ಬಾಕಿ. ಅದು ಮುಗಿದರೆ ಹದಿನೈದು ದಿನ ರಜೆ. ಮಗಳಿಗೆ ಮಗು ಹುಟ್ಟಿ ಮೂರು ತಿಂಗಳಾಗಿತ್ತು, ಅಜ್ಜನಾದವರು ಇನ್ನೂ ಮೊಮ್ಮಗಳ ಮುಖ ನೋಡಿರಲಿಲ್ಲ. ಎರಡು ಸಲ ಮಂಜೂರಾದ ರಜೆ ಎರಡು ಸಲವೂ ಈ ವಿಮಾನದ ಹೊಟ್ಟೆಗೇ ಹೋಗಿತ್ತು. ಈ ಸಲ ಬಿಡುವುದಿಲ್ಲವೆಂದು ಹೆಂಡತಿ ಸಂಜೆ ಆರೂವರೆಯ ರೈಲಿಗೆ ಟಿಕೆಟ್ ಮಾಡಿಸಿ, ಪೆಟ್ಟಿಗೆ ಕಟ್ಟಿ ಕೂತಿದ್ದಳು.

ಡಬ್ಬಿರಾಯರು ಬೆಳಿಗ್ಗೆ ಏಳಕ್ಕೇ ಬಂದು, ಚಕ್ರದ ಹಲಗೆಯ ಮೇಲೆ ಅಂಗಾತ ಮಲಗಿ ವಿಮಾನದ ಕೆಳಗೆ ಸರಿದರು. ಬೇಗ ಒಣಗುವ ಬಣ್ಣ, ಪಳಗಿದ ಕೈ. ಹತ್ತಕ್ಕೆಲ್ಲ ಹೊಟ್ಟೆ ನೀಲಿಯಾಗಿ ಫಳಫಳ ಹೊಳೆಯಿತು.

ನಿರ್ದೇಶಕರು ಬಂದು ಬಗ್ಗಿ ನೋಡಿದರು. ಅವರಿಗೆ ಅಸಲಿಯ ಹುಚ್ಚು. ಹಿಂದೊಮ್ಮೆ ಸೇನೆಯ ಜೀಪೊಂದು ಬಂದಾಗ, ಅದರ ಪಂಕ್ಚರ್ ಯುದ್ಧಕಾಲದ್ದು ಎಂದು ತಿಳಿದು ಗಾಳಿ ತುಂಬಲು ಬಿಟ್ಟಿರಲಿಲ್ಲ.

"ಭೇಷ್!" ಎಂದರು. "ಸಂಜೆ ಐದೂವರೆಗೆ ಒಬ್ಬ ಅಜ್ಜ ಬರ್ತಿದ್ದಾರೆ. ಯುದ್ಧದಲ್ಲಿ ಇದೇ ವಿಮಾನಕ್ಕೆ ಬಣ್ಣ ಬಳಿದೋರು. ಅವರು ಹೂಂ ಅಂದ ತಕ್ಷಣ ನಿಮ್ಮ ರಜೆಗೆ ಸಹಿ."

ಡಬ್ಬಿರಾಯರು ಬ್ರಷ್ ತೊಳೆಯಲು ಏಳುವಷ್ಟರಲ್ಲಿ ಗ್ರಂಥಪಾಲಕಿ ಆದೇಶಪತ್ರ ಹಿಡಿದು ಬಂದರು.

"ಸರ್, ಇದು ಮಕ್ಕಳು ಚಿತ್ರಕ್ಕೆ ಹಚ್ಚೋ ನೀಲಿ. ನಿಜವಾದ ಆಕಾಶ ಹೀಗಿರುತ್ತಾ? ಬನ್ನಿ ಕಿಟಕಿ ಹತ್ರ."

ಮೂವರೂ ಕಿಟಕಿಗೆ ಹೋದರು. ಹೊರಗಿನ ಆಕಾಶ ನೀರು ಜಾಸ್ತಿಯಾದ ಹಾಲಿನಂತಿತ್ತು.

"ಡಬ್ಬಿರಾಯರೇ..." ಎಂದು ನಿರ್ದೇಶಕರು ರಾಗ ಎಳೆದರು.

ಡಬ್ಬಿರಾಯರು ಬಿಳಿ ಡಬ್ಬಿ ತೆರೆದು ಮತ್ತೆ ಹಲಗೆಯ ಮೇಲೆ ಮಲಗಿದರು. ಮಧ್ಯಾಹ್ನ ಒಂದು ಗಂಟೆಗೆ ಹೊಟ್ಟೆ ಬೆಳ್ಳಗಾಯಿತು. ಅಷ್ಟರಲ್ಲಿ ಹೆಂಡತಿಯ ಫೋನು.

"ರೀ, ಮುಗೀತಾ?"

"ಮುಗೀತು ಕಣೇ. ಹೊಟ್ಟೆ ತುಂಬ ಬಳಿದಾಯ್ತು."

ಪಕ್ಕದಲ್ಲಿ ನಿಂತಿದ್ದ ಕಾವಲುಗಾರ ಗಂಟಲು ಸರಿಮಾಡಿಕೊಂಡ. ಇಪ್ಪತ್ತು ವರ್ಷ ಬಾಗಿಲು ಕಾದವನಿಗೆ ಒಳಗಿನ ವಿಷಯದಲ್ಲಿ ಬಾಯಿ ಹಾಕುವ ಅವಕಾಶ ಅಂದೇ ಸಿಕ್ಕಿದ್ದು.

"ತಪ್ಪು ತಿಳೀಬೇಡಿ ಸರ್. ಶತ್ರು ಏನು ಕಿಟಕೀಲಿ ನಿಂತು ನೋಡ್ತಾನಾ? ಕೆಳಗಿಂದ ತಾನೇ ನೋಡೋದು? ಮಲಕ್ಕೊಂಡು ನೋಡ್ಬೇಕು."

ನಿರ್ದೇಶಕರಿಗೆ ಅದು ಹೊಳೆದೇ ಇರಲಿಲ್ಲ. ಕೋಟು ಬಿಚ್ಚಿ ನೆಲದ ಮೇಲೆ ಮಲಗಿಯೇಬಿಟ್ಟರು. ಗ್ರಂಥಪಾಲಕಿ ಪತ್ರಿಕೆ ಹಾಸಿಕೊಂಡು ಪಕ್ಕದಲ್ಲಿ ಮಲಗಿದರು. ಕಾವಲುಗಾರ ಟೋಪಿಯನ್ನು ದಿಂಬು ಮಾಡಿಕೊಂಡ. ಮೂವರೂ ಕಣ್ಣು ಕಿರಿದಾಗಿಸಿ, ಶತ್ರುಗಳಂತೆ ಮೇಲೆ ನೋಡತೊಡಗಿದರು. ಆಗಲೇ ಪ್ರದರ್ಶನಾಂಗಣದ ಸೂರಿನಲ್ಲಿದ್ದ ಪಾರಿವಾಳವೊಂದು ಹಾರಿಬಂದು ಹೊಟ್ಟೆಗೆ ಡಿಕ್ಕಿ ಹೊಡೆದು, ಧೊಪ್ಪನೆ ನಿರ್ದೇಶಕರ ಎದೆಯ ಮೇಲೆ ಬಿತ್ತು.

"ನೋಡಿದ್ರಾ!" ಡಬ್ಬಿರಾಯರು ಕುಣಿದರು. "ಪಾರಿವಾಳಕ್ಕೇ ಆಕಾಶ ಅನ್ನಿಸ್ತು! ಇನ್ನೇನು ಸಾಕ್ಷಿ ಬೇಕು ಸರ್?"

"ಅದು ನಿನ್ನೆ ಶೌಚಾಲಯದ ಬಾಗಿಲಿಗೂ ಹೊಡ್ಕೊಂಡಿತ್ತು," ಎಂದರು ಗ್ರಂಥಪಾಲಕಿ ಮಲಗಿದಲ್ಲಿಂದಲೇ. "ಅಂದಹಾಗೆ ಸರ್, ಈ ಆದೇಶ ಹೊರಟಿದ್ದು ಮಳೆಗಾಲದಲ್ಲಿ."

ಅವರು ಹೇಳುವುದಕ್ಕೇ ಕಾದಿದ್ದಂತೆ ಹೊರಗೆ ಮೋಡ ಕವಿಯಿತು. ಪಾರಿವಾಳ ಸಾವರಿಸಿಕೊಂಡು ಹಾರಿಹೋಯಿತು. ಡಬ್ಬಿರಾಯರಿಗೆ ಹಾಗೆ ಹಾರಿಹೋಗುವ ಭಾಗ್ಯವಿರಲಿಲ್ಲ. ಬೂದುಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವಾಗ ಅವರಿಗೆ ನಿಜಕ್ಕೂ ಅಳು ಬಂತು. ಬಿಸಿಲೇನು, ಮೋಡವೇನು, ಇಡೀ ಜಗತ್ತೇ ತಮ್ಮ ರಜೆಯ ಮೇಲೆ ಕಣ್ಣಿಟ್ಟಿದೆ ಎನ್ನಿಸಿತು.

ಐದೂಕಾಲಿಗೆ ಬೂದು ಮುಗಿಯಿತು. ಆಗ ಮೋಡ ಸರಿದು, ಆಕಾಶ ಕೇಸರಿಯಾಗತೊಡಗಿತು. ಡಬ್ಬಿರಾಯರು ತಡಮಾಡಲಿಲ್ಲ. ಒಂದೊಂದಾಗಿ ಎಲ್ಲ ಕಿಟಕಿಗಳ ಪರದೆ ಎಳೆದು, ಏನೂ ಅರಿಯದವರಂತೆ ಕೈ ಒರೆಸಿಕೊಂಡು ನಿಂತರು.

ಐದೂವರೆಗೆ ಸರಿಯಾಗಿ ಕಾವಲುಗಾರ ಗಾಲಿಕುರ್ಚಿಯಲ್ಲಿ ಅಜ್ಜನನ್ನು ತಳ್ಳಿಕೊಂಡು ಬಂದ. ತೊಂಬತ್ತೆಂಟು ವರ್ಷದ ಜೀವ. ವಿಮಾನದ ಕೆಳಗೆ ಕುರ್ಚಿ ನಿಂತಿತು. ಅಜ್ಜ ಹೊಟ್ಟೆಯನ್ನು ನೋಡಿದ, ಅಂಚಿನಲ್ಲಿ ಇಣುಕುತ್ತಿದ್ದ ಬಿಳಿಯನ್ನು ನೋಡಿದ, ಅದರಡಿಯ ನೀಲಿಯನ್ನು ನೋಡಿದ. ಬೊಚ್ಚುಬಾಯಿ ತುಂಬ ನಕ್ಕ.

"ಅಜ್ಜ, ಇದರಲ್ಲಿ ಅಸಲಿ ಯಾವುದು?" ನಿರ್ದೇಶಕರು ಬಗ್ಗಿ ಕೇಳಿದರು.

"ಎಲ್ಲಾ ಅಸಲೀನೇ ಕಣಪ್ಪ!"

ಡಬ್ಬಿರಾಯರಿಗೆ ಅಜ್ಜನ ಕಾಲಿಗೆ ಬೀಳಬೇಕೆನ್ನಿಸಿತು. ಎಲ್ಲವೂ ಅಸಲಿಯಾದರೆ ಕೆಲಸ ಮುಗಿದಂತೆಯೇ. ಕಣ್ಣಮುಂದೆ ರೈಲು, ಮಗಳ ಮನೆ, ತೊಟ್ಟಿಲು ಎಲ್ಲ ಹಾದುಹೋದವು. ಕಿಸೆಯಿಂದ ರಜೆಯ ಅರ್ಜಿ ತೆಗೆದರು.

ಅಜ್ಜ ಮುಂದುವರಿಸಿದ: "ಆಕಾಶದ ಬಣ್ಣ ಅಂತ ಆರ್ಡರ್ ಬಂತು. ನಮ್ಮ ಸಾಹೇಬ ಬೆಳಿಗ್ಗೆ ಬಂದು ನೀಲಿ ಅಂತಿದ್ದ, ಮಧ್ಯಾಹ್ನ ಬಿಳಿ ಅಂತಿದ್ದ, ಮೋಡ ಆದ್ರೆ ಬೂದು ಅಂತಿದ್ದ. ನಾನು ಬಳೀತಾನೇ ಇದ್ದೆ. ಎರಡು ವರ್ಷ! ಈ ವಿಮಾನ ಒಂದು ದಿನಾನೂ ಹಾರಿಲ್ಲ ಕಣಪ್ಪ. ಯುದ್ಧ ಮುಗೀತು ಅಂತ ಸುದ್ದಿ ಬಂದಾಗ ನಾನು ಇದರ ಕೆಳಗೇ ಮಲಗಿದ್ದೆ."

ನಿರ್ದೇಶಕರ ಮುಖ ನಿಧಾನವಾಗಿ ಅರಳಿತು. ಹೋಗಿ ಪರದೆಗಳನ್ನೆಲ್ಲ ಸರಸರನೆ ಸರಿಸಿದರು. ಕೇಸರಿ ಬೆಳಕು ಒಳಗೆ ನುಗ್ಗಿತು.

"ಹಾಗಾದ್ರೆ ಅಸಲಿ ಅಂದ್ರೆ ಬಣ್ಣ ಅಲ್ಲ, ಬಳಿಯೋದು!" ಎಂದು ಕೂಗಿದರು. "ಕೆಳಗೆ ಪೇಂಟರ್ ಮಲಗಿದ್ರೇನೇ ಈ ವಿಮಾನ ಪೂರ್ತಿ! ಆಗ ಹೇಗೆ ನಡೀತೋ ಈಗ್ಲೂ ಹಾಗೇ ನಡೀಬೇಕು. ಡಬ್ಬಿರಾಯರೇ, ಕೇಸರಿ ಡಬ್ಬಿ ತಗೊಳ್ಳಿ!"

ಅರ್ಜಿಯನ್ನು ಅವರ ಕೈಯಿಂದ ಕಿತ್ತುಕೊಂಡು, ಬ್ರಷ್ ಒರೆಸಿಕೊಳ್ಳಲು ಆಗುತ್ತದೆಂದು ಮತ್ತೆ ಅವರ ಕೈಗೇ ಕೊಟ್ಟರು.

ಆರೂಕಾಲಿಗೆ ಹಲಗೆಯ ಮೇಲೆ ಮಲಗಿದ್ದ ಡಬ್ಬಿರಾಯರ ಫೋನು ಬಡಿದುಕೊಂಡಿತು. ಹೆಂಡತಿಯ ದನಿಯ ಹಿಂದೆ ರೈಲಿನ ಕೂಗು ಕೇಳುತ್ತಿತ್ತು.

"ರೀ, ಎಲ್ಲಿದ್ದೀರಿ? ಪ್ಲಾಟ್‌ಫಾರಂಗೆ ರೈಲು ಬಂತು!"

"ನೀನು ಹತ್ತಿಬಿಡು. ಪಾಪುಗೆ ನನ್ನ ಫೋಟೋ ತೋರ್ಸು."

"ಅಯ್ಯೋ! ಮತ್ತೆ ರಜೆ ಯಾವಾಗಂತೆ?"

ಮೂಗಿನ ಮೇಲೆ ಬಿದ್ದ ಕೇಸರಿ ಹನಿಯನ್ನು ಒರೆಸಿಕೊಂಡು ಡಬ್ಬಿರಾಯರು ಹೇಳಿದರು:

"ಯುದ್ಧ ಮುಗಿದ ಮೇಲಂತೆ ಕಣೇ."