‘ಬಂದ್ಯಾ’ ಅಂದರೆ ಬಿಚ್ಚುವ ಹೆಲ್ಮೆಟ್

“ಇದನ್ನ ಹಾಕ್ಕೊಂಡೋರು ಮನೆಗೆ ವಾಪಸ್ ಬರಲೇಬೇಕು. ಬರದೆ ವಿಧಿಯೇ ಇಲ್ಲ,” ಎನ್ನುತ್ತ ಸೀಬಯ್ಯ ಮಾವ ಹೆಲ್ಮೆಟ್ಟನ್ನು ಊಟದ ತಟ್ಟೆಗಳ ನಡುವೆ ಇಟ್ಟ.

ವೇದಾವತಿ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ರೇಡಿಯೊ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಮಾವ ಕಟ್ಟಿದ ಯಂತ್ರಗಳ ಪೈಕಿ ನೆಟ್ಟಗಿದ್ದದ್ದು ಒಂದೂ ಇಲ್ಲ. ಕಳೆದ ಸಲ ಮುದ್ದೆ ತಿರುವುವ ಯಂತ್ರ ತಿರುವಿದ್ದು ಅಡುಗೆಮನೆಯ ನಲ್ಲಿಯನ್ನು.

ಅವಳು ಕೇಳಿದ್ದು ಇಷ್ಟೇ: ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡಾಗಿದೆ, ಕೈಗೆಟಕುವ ಹೆಲ್ಮೆಟ್ ಆರಿಸಲು ಜೊತೆಗೆ ಬಾ ಅಂತ. ತುಮಕೂರಿನ ಅಂಗಡಿಗಳಲ್ಲಿ ಗಟ್ಟಿಯಾದವು ಕೈಗೆಟಕಲಿಲ್ಲ. ರಸ್ತೆ ಬದಿಯವು ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತಿದ್ದವು. ಕೊನೆಗೆ ಮಾವ ಒಂದು ಒಳ್ಳೆ ಹೆಲ್ಮೆಟ್ ಹುಡುಕಿದ. ಐಎಸ್‌ಐ ಮುದ್ರೆಯಿತ್ತು, ತಲೆ ಅಲ್ಲಾಡಿಸಿದರೂ ಜಾರುತ್ತಿರಲಿಲ್ಲ. ಹಲ್ಲುಪುಡಿಯ ಗುಲಾಬಿ ಬಣ್ಣ ಅಂತ ಯಾರೂ ಮುಟ್ಟದೆ ಅಗ್ಗಕ್ಕೆ ಬಂದಿತ್ತು. ಅಲ್ಲಿಗೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಮಾವ ಅದನ್ನು ಒಂದು ವಾರ ತನ್ನ ಮನೆಗೆ ಒಯ್ದಿದ್ದ.

“ನೋಡಿ,” ಎಂದು ತಲೆಗೇರಿಸಿಕೊಂಡು ಅವನು ತಂಗಿ ಪುಟ್ಟಗೌರಮ್ಮನಿಗೆ, ಅಂದರೆ ವೇದಾವತಿಯ ಅಮ್ಮನಿಗೆ, “ಹೋಗಿ ಬರ್ತೀನಿ ಕಣಮ್ಮ” ಎಂದ. ಟಕ್ ಎಂದು ಗಲ್ಲದ ಪಟ್ಟಿ ಬಿಗಿಯಿತು. ಬೀದಿ ಸುತ್ತಿ ಬಂದ.

“ಬಂದ್ಯಾ?” ಅಂದಳು ಅಮ್ಮ, ಅಭ್ಯಾಸದಂತೆ.

ಟಕ್. ಪಟ್ಟಿ ಬಿಚ್ಚಿತು.

“ಪೊಲೀಸ್ ಸರ್ಕಲ್ ದಾಟಿದ ಕೂಡಲೇ ತೆಗೆದು ಕನ್ನಡಿಗೆ ನೇತುಹಾಕೋ ಜನಕ್ಕೆ ಇದೇ ಮದ್ದು. ಯಾರಿಗೆ ಬರ್ತೀನಿ ಅಂದ್ಯೋ, ಅವರೇ ಎದುರಿಗೆ ನಿಂತು ಬಂದ್ಯಾ ಅನ್ನಬೇಕು. ಪಟ್ಟಿಯೊಳಗೆ ಬ್ರೇಕ್ ಕೇಬಲ್ ಇದೆ, ಕತ್ತರೀನೂ ಹಾಯಲ್ಲ.”

“ಸಾವಿನ ಮನೆಗೆ ಹೋದ್ರೆ? ಅಲ್ಲಿ ಬರ್ತೀನಿ ಅನ್ನೋ ಹಾಗಿಲ್ವಲ್ಲ,” ಎಂದಳು ಅಮ್ಮ.

“ಅದಕ್ಕೂ ದಾರಿ ಇಟ್ಟಿದ್ದೀನಿ. ಬರೀ ‘ಹೋಗ್ತೀನಿ’ ಅಂದ್ರೆ ಎಲ್ಲ ಮಾತೂ ಅಳಿಸಿಹೋಗಿ ಬಿಚ್ಕೊಳ್ಳುತ್ತೆ. ಬರಲ್ಲ ಅಂದವರನ್ನ ಹಿಡಿದಿಟ್ಟು ಏನು ಪ್ರಯೋಜನ?”

ಅಮ್ಮನ ಕೈಯ ತುತ್ತು ತಟ್ಟೆಗೇ ಬಿತ್ತು. ವೇದಾವತಿಯ ಅಪ್ಪ ಒಂದು ಬೆಳಿಗ್ಗೆ ಸಿಟ್ಟಲ್ಲಿ “ಹೋಗ್ತೀನಿ” ಅಂತಷ್ಟೇ ಹೇಳಿ, ಬರಿದಲೆಯಲ್ಲಿ ಬೈಕು ಹತ್ತಿದ್ದ. ಅವನು ಮರಳಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಆ ಮಾತಿಲ್ಲ, ಅಮ್ಮ ಎರಡು ಗಾಲಿಯ ಗಾಡಿ ಹತ್ತಿದ್ದೂ ಇಲ್ಲ.

“ಮೂಢನಂಬಿಕೆ,” ಎಂದ ಮಾವ, ಸಾರು ಬಡಿಸಿಕೊಳ್ಳುತ್ತ.

ಮರುದಿನ ವೇದಾವತಿಗೆ ಸಂಜೆ ಕಾಲೇಜಿನ ಕೊನೆಯ ಪೇಪರು. ಎರಡು ಸಲ ಫೇಲಾಗಿದ್ದ ಲೆಕ್ಕಶಾಸ್ತ್ರ. ಹಳೇ ಸಿಲಬಸ್ಸಿಗೆ ಇದೇ ಕೊನೇ ಅವಕಾಶ. ರಾತ್ರಿಯೆಲ್ಲ ಓದಿದ್ದು ತಲೆಯಿಂದ ಸೋರಿಹೋಗುತ್ತದೇನೋ ಎಂಬ ಭಯದಲ್ಲಿ ಹೆಲ್ಮೆಟ್ ಅದುಮಿ ಹಾಕಿಕೊಂಡು, “ಹೋಗಿ ಬರ್ತೀನಮ್ಮ” ಎಂದಳು.

“ಇನ್ನೊಂದು ಸಲ ಹೇಳು.”

“ಬರ್ತೀನಮ್ಮ.”

ಟಕ್. “ಕೊಟ್ಟ ಮಾತು ಒಂದು,” ಎಂದಿತು ಹೆಲ್ಮೆಟ್, ಮಾವನದೇ ದನಿಯಲ್ಲಿ.

ತಿರುವಿನಲ್ಲಿ ಹೂವಿನ ಸಾಕಮ್ಮ ಕೂಗಿ ನಿಲ್ಲಿಸಿ, ಒಳ್ಳೇದಾಗಲಿ ಅಂತ ಒಂದು ಗುಲಾಬಿ ಕೊಟ್ಟಳು. ಸುಮ್ಮನೆ ಹೊರಡುವುದು ಹೇಗೆ? “ಬರ್ತೀನಿ ಸಾಕಮ್ಮ.”

ಪಟ್ಟಿ ಇನ್ನೊಂದು ಹಲ್ಲು ಬಿಗಿಯಿತು. “ಕೊಟ್ಟ ಮಾತು ಎರಡು.”

ಕಾಲೇಜಿನ ಗೇಟಿನಲ್ಲಿ ಪಟ್ಟಿ ಎಳೆದಳು, ಜಗ್ಗಿದಳು. ಅಲ್ಲಾಡಲಿಲ್ಲ. “ಕೊಟ್ಟ ಮಾತು ಎರಡು,” ಎಂದಿತು ಹೆಲ್ಮೆಟ್ ಮತ್ತೆ. ಆಗ ಹೊಳೆಯಿತು: ಮಾವ ಮನೆಗೆ ಮರಳುವುದನ್ನು ಮಾತ್ರ ಯೋಚಿಸಿದ್ದ. ಹೋದಲ್ಲಿ ಹೆಲ್ಮೆಟ್ ತೆಗೆಯಬೇಕಾಗುತ್ತದೆ ಎಂಬುದು ಅವನ ತಲೆಗೇ ಬಂದಿರಲಿಲ್ಲ.

“ಏನಮ್ಮ ಇದು, ಮಾತಾಡೋ ಮಿಷನ್ನು ತಲೆಮೇಲೆ ಹೊತ್ತು ಪರೀಕ್ಷೆ ಬರೀತೀರಾ?” ಎಂದ ವಾಚ್‌ಮನ್ ಫಕೀರಪ್ಪ. “ನಕಲು ಅಂತ ಬುಕ್ ಮಾಡ್ತಾರೆ. ತೆಗೆದು ಬನ್ನಿ. ಎರಡನೇ ಬೆಲ್ ಆದ್ರೆ ಗೇಟು ಹಾಕ್ತೀನಿ.”

ಮೊದಲ ಬೆಲ್ ಹೊಡೆಯಿತು. ಅವಳು ಮನೆಗೆ ಫೋನ್ ಮಾಡಿ, ಪಟ್ಟಿ ಸಾಕಮ್ಮನ ಹೆಸರಿಗೂ ಬಿಗಿದಿದೆ, ಬಿಚ್ಚುತ್ತಿಲ್ಲ ಎಂದಳು.

“ಬಂದ್ಯಾ? ಬಂದ್ಯಾ? ಬಂದ್ಯಾ?” ಎಂದು ಅಮ್ಮ ಫೋನಿನಲ್ಲೇ ಕೂಗಿದಳು.

“ಎದುರಿಗೆ ಬರತಕ್ಕದ್ದು,” ಎಂದಿತು ಹೆಲ್ಮೆಟ್.

ರಾತ್ರಿ ಅಲ್ಲೇ ಉಳಿದಿದ್ದ ಮಾವ ಫೋನ್ ಕಸಿದುಕೊಂಡ. “ಹೋಗ್ತೀನಿ ಅಂದುಬಿಡೆ, ಬಿಚ್ಚುತ್ತೆ. ಬರೀ ಒಂದು ಶಬ್ದ.”

ವೇದಾವತಿ ಬಾಯಿ ತೆರೆದಳು. ಒಂದು ಶಬ್ದ, ಮೂರು ವರ್ಷದ ಓದು. “ಹೋ” ಎಂಬಲ್ಲಿಗೆ ನಿಲ್ಲಿಸಿದಳು. ಪರೀಕ್ಷೆ ಮುಗಿಸಿ ಇದೇ ಸ್ಕೂಟರಿನಲ್ಲಿ, ಇದೇ ರಸ್ತೆಯಲ್ಲಿ ಮನೆಗೆ ಹೋಗಬೇಕು.

“ಅನ್ನಬೇಡ,” ಎಂದಳು ಅಮ್ಮ ಆಚೆಯಿಂದ. “ನೀನು ಅಲ್ಲೇ ನಿಂತಿರು.” ಫೋನು ಕಟ್ಟಾಯಿತು.

ಫಕೀರಪ್ಪ ಗೇಟಿನ ಒಂದು ಬಾಗಿಲು ಎಳೆಯುವ ಹೊತ್ತಿಗೆ ಮಾವನ ಮೊಪೆಡ್ ಕೆಮ್ಮುತ್ತ ಬಂತು. ಹಿಂದೆ ಅಮ್ಮ. ಮಾವನ ಹಳೇ ಹೆಲ್ಮೆಟ್ ಅವಳ ತಲೆಯ ಮೇಲಿತ್ತು. ಕಣ್ಣು ಮುಚ್ಚಿ, ಅಣ್ಣನ ಅಂಗಿಯನ್ನು ಎರಡೂ ಕೈಯಲ್ಲಿ ಹಿಂಡಿ ಹಿಡಿದಿದ್ದಳು. ಬೆನ್ನಿಗೇ ಆಟೋದಲ್ಲಿ ಸಾಕಮ್ಮ, ಮಡಿಲಲ್ಲಿ ಹೂವಿನ ಬುಟ್ಟಿ.

ಅಮ್ಮ ಕಣ್ಣು ತೆರೆದಳು. ಬಂದವಳು ತಾನೇ ಆದರೂ, “ಬಂದ್ಯಾ ಮಗಳೇ?” ಎಂದಳು.

ಟಕ್.

“ನೀನು ಬಂದ್ಯೋ ನಾನು ಬಂದ್ನೋ, ಯಾಪಾರ ಎಲ್ಲ ಬಿಟ್ಟು,” ಎಂದು ಗೊಣಗಿದಳು ಸಾಕಮ್ಮ. “ಬಂದ್ಯಾ ಅನ್ನು ಸಾಕಮ್ಮ!” ಎಂದು ಮೂವರೂ ಒಟ್ಟಿಗೆ ಅರಚಿದರು. ಅಂದಳು. ಟಕ್. ಹೆಲ್ಮೆಟ್ಟನ್ನು ಮಾವನ ಕೈಗೆಸೆದು ವೇದಾವತಿ ಓಡಿದಳು. ಅವಳ ಹಿಂದೆಯೇ ಗೇಟು ಬಿತ್ತು.

ಪೇಪರ್ ಮುಗಿಸಿ ಹೊರಬಂದಾಗ, ಜಮಾ ಖರ್ಚು ತಾಳೆಯಾದ ಸಮಾಧಾನದಲ್ಲಿ ಅವಳಿಗೆ ಕಾಲೇ ನೆಲಕ್ಕೆ ತಾಗುತ್ತಿರಲಿಲ್ಲ. ಗೇಟಿನ ಬಳಿ ಅಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಹಲ್ಲುಪುಡಿ ಬಣ್ಣದ ತಲೆಯ ಮಾವ.

“ಬರಿದಲೇಲಿ ಬಂದಿದ್ನಲ್ಲ, ಪೊಲೀಸರ ಭಯಕ್ಕೆ ಹಾಕ್ಕೊಂಡೆ,” ಎಂದ. “ಟೀ ಕುಡಿದು ಬರ್ತೀನಿ ಅಂತ ಫಕೀರಪ್ಪನಿಗೆ ಹೇಳ್ದೆ. ವಾಪಸ್ ಬರೋದ್ರೊಳಗೆ ಅವನ ಡ್ಯೂಟಿ ಮುಗಿದು, ರಜಾ ಅಂತ ಊರಿಗೆ ಹೋಗಿದ್ದಾನೆ.”

“ಯಾವಾಗ ಬರ್ತಾನಂತೆ?”

“ಸೋಮವಾರ.”

“ಅಷ್ಟಕ್ಕೆ ಯಾಕೆ ಮಾವ ಯೋಚನೆ? ಹೋಗ್ತೀನಿ ಅಂದುಬಿಡು. ಬರೀ ಒಂದು ಶಬ್ದ.”

ಮಾವ ತನ್ನ ಮೊಪೆಡ್ ನೋಡಿದ. ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ರಸ್ತೆ ನೋಡಿದ. ಗಲ್ಲದ ಪಟ್ಟಿಯೊಳಗೆ ಒಂದು ಬೆರಳು ತೂರಿಸಿ ಕೆರೆದುಕೊಂಡ.

“ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ ಕಣೆ,” ಎಂದ. “ಆದ್ರೂ ಸೋಮವಾರ ಏನು ದೂರ ಇಲ್ವಲ್ಲ.”