ಕಂದು ಹಿಡಿದ ಲೆನ್ಸು

ತಪ್ಪು ಏನೂ ದೊಡ್ಡದಲ್ಲ. ಅವಸರದಲ್ಲಿ ಕನ್ನಡಿ ಮತ್ತು ಕ್ಯಾಮೆರಾ ಜಾಗ ಅದಲುಬದಲಾಗಿದ್ದವು, ಅಷ್ಟೆ.

ರಬ್ಬರು, ಗಾಜು, ಪ್ಲಾಸ್ಟಿಕ್ಕುಗಳು ವಿಕಿರಣವನ್ನು ಎಷ್ಟು ತಾಳುತ್ತವೆಂದು ಪರೀಕ್ಷಿಸುವ ಪ್ರಯೋಗಾಲಯ ಅದು. ಕ್ಯಾಮೆರಾವನ್ನು ವಿಕಿರಣ ತಾಗದಂತೆ ಸೀಸದ ಇಟ್ಟಿಗೆಗಳ ಮರೆಯಲ್ಲಿಟ್ಟು, ಎದುರಿನ ಕನ್ನಡಿಯಲ್ಲಿ ಕಂಡದ್ದರ ಚಿತ್ರ ತೆಗೆಯುವುದು ಅಲ್ಲಿನ ಪದ್ಧತಿ. ಎಲ್ಲರ ಬಾಯಲ್ಲೂ ‘ಗಡಿಬಿಡಿ’ ಎನಿಸಿಕೊಂಡ ನಮ್ಮ ತಂತ್ರಜ್ಞ ಕನ್ನಡಿಯನ್ನು ಸೀಸದ ಹಿಂದೆ ಜೋಪಾನ ಮಾಡಿ, ಕ್ಯಾಮೆರಾವನ್ನು ಮರೆಯಿಲ್ಲದೆ ಎದುರಿಗೇ ಕೂರಿಸಿ ಬಂದಿದ್ದ. ಕಚೇರಿಯದಾಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಕಚೇರಿಯದು ಕೆಟ್ಟು ಕೂತಿದ್ದರಿಂದ ಸ್ಟುಡಿಯೋ ನಡೆಸುವ ಭಾವಮೈದನದನ್ನು ಕೇಳಿ ತಂದಿದ್ದ.

"ಅವನ ಹೊಟ್ಟೆಪಾಡು ಅದು. ಏನಾದ್ರೂ ಆಯ್ತೋ, ಸಂಜೆ ನೀವು ಮನೆಗೆ ಬರೋದೇ ಬೇಡ," ಎಂದು ಹೆಂಡತಿ ಹೇಳಿ ಕಳಿಸಿದ್ದಳು.

ಪರದೆಯ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕುಣಿದಾಗಲೇ ಅವನಿಗೆ ತಪ್ಪು ಗೊತ್ತಾಯಿತು. ವಿಕಿರಣದ ಯಂತ್ರ ನಿಲ್ಲಿಸಿ, ಕ್ಯಾಮೆರಾ ಹೊರಗೆ ತಂದು ನೋಡಿದರೆ ಲೆನ್ಸು ಚಹಾದ ಬಣ್ಣಕ್ಕೆ ತಿರುಗಿತ್ತು.

"ದೂರ ಇಡಿ, ವಿಕಿರಣ ನಮಗೂ ಅಂಟ್ಕೊಳ್ಳುತ್ತೆ!" ಎಂದು ಉಗ್ರಾಣದವನು ಮೇಜಿನ ಹಿಂದೆ ಸರಿದ.

"ದೀಪ ಆರಿಸಿದ ಮೇಲೂ ಬೆಳಕು ಗೋಡೆಗೆ ಅಂಟ್ಕೊಂಡಿರುತ್ತೇನ್ರೀ? ನನ್ನ ಗೋಳು ನನಗೆ!" ಎಂದ ಗಡಿಬಿಡಿ.

ಅಂಟುವುದಿಲ್ಲವೆಂದು ಖಾತ್ರಿಯಾದದ್ದೇ ತಡ, ಎಲ್ಲರಿಗೂ ಫೋಟೊ ಬೇಕಾಯಿತು. ಉಗ್ರಾಣದವನು ಮೀಸೆ ತಿರುವಿ ನಿಂತ. ಟೈಪಿಸ್ಟ್ ಮೇಡಂ ಕೂದಲು ಸರಿಮಾಡಿಕೊಂಡರು. ಬಂದ ಚಿತ್ರಗಳೆಲ್ಲ ಕಂದು.

"ಅಯ್ಯೋ, ನಾನು ನಮ್ಮ ಮುತ್ತಜ್ಜಿ ಥರಾ ಕಾಣ್ತಿದೀನಲ್ರೀ!" ಎಂದರು ಮೇಡಂ.

ಆಮೇಲೆ ಸಲಹೆಗಳ ಸುರಿಮಳೆ. ಒಬ್ಬರು ನಿಂಬೆಹಣ್ಣು ಉಜ್ಜಿ ಅಂದರು, ಇನ್ನೊಬ್ಬರು ಸೋಪು ಅಂದರು. ಕೊನೆಗೆ ಹಿರಿಯ ಇಂಜಿನಿಯರು, "ಗಾಜು ಬಿಚ್ಚಿ ಓವನ್ನಲ್ಲಿ ನಿಧಾನಕ್ಕೆ ಕಾಯಿಸಯ್ಯಾ, ಬಣ್ಣ ಬಿಡುತ್ತೆ. ನಿಧಾನ ಅಂದೆ, ಕೇಳಿಸ್ತಾ?" ಎಂದರು.

ನಿಧಾನವೇ ಅವನ ಜಾತಕದಲ್ಲಿರಲಿಲ್ಲ. ಆದರೂ ಹೆಂಡತಿಯ ಮುಖ ನೆನೆದು ಓವನ್ ಮುಂದೆ ಕೂತ, ಎದ್ದ, ಇಣುಕಿದ, ಮತ್ತೆ ಕೂತ. ಸಂಜೆಯ ಹೊತ್ತಿಗೆ ಗಾಜು ನೀರಿನಷ್ಟು ತಿಳಿಯಾಯಿತು. ಜೋಡಿಸಿಕೊಂಡು ಒಂದೇ ಉಸಿರಿಗೆ ಮನೆಗೆ ಓಡಿದ.

ಭಾವಮೈದ ಬಾಗಿಲಲ್ಲೇ ಕಾಯುತ್ತಿದ್ದ. ಕ್ಯಾಮೆರಾ ಇಸಿದುಕೊಂಡು ಒಳಗಿದ್ದ ಚಿತ್ರಗಳನ್ನು ನೋಡುತ್ತ ಹೋದ. ಅಳಿಸುವುದನ್ನು ಮರೆತದ್ದು ಗಡಿಬಿಡಿಗೆ ಆಗ ಹೊಳೆಯಿತು.

"ಭಾವಾ!" ಭಾವಮೈದ ಅವನನ್ನು ತಬ್ಬಿಕೊಂಡ. "ಹಳೇ ಕಾಲದ ಫೋಟೊ ಬಣ್ಣ ಅಂದ್ರೆ ಇದು! ಕಂಪ್ಯೂಟರಲ್ಲಿ ಎಷ್ಟು ಒದ್ದಾಡಿದ್ರೂ ನನಗೆ ಬಂದಿರ್ಲಿಲ್ಲ. ಗಿರಾಕಿಗಳು ಸಾಲುಗಟ್ಟಿ ನಿಲ್ತಾರೆ. ಅಕ್ಕಾ, ನಿಂತ್ಕೋ, ನಿಂದೊಂದು ತೆಗೀತೀನಿ."

ತೆಗೆದ. ನೋಡಿದ. ಅಕ್ಕ ಎಂದಿನಂತೆ, ಸ್ಪಷ್ಟವಾಗಿ ಸಿಡುಕುತ್ತಿದ್ದಳು. ಇನ್ನೊಂದು ತೆಗೆದ. ಅದೂ ಹಾಗೇ. ಅವನ ಮುಖ ಇಳಿಯಿತು.

"ಎಲ್ಹೋಯ್ತು ಆ ಬಣ್ಣ? ಏನ್ ಮಾಡಿದ್ರಿ ಭಾವ?"

"ಅದು... ಸರಿ ಮಾಡ್ದೆ," ಎಂದ ಗಡಿಬಿಡಿ.

ಹೆಂಡತಿ ಹಣೆ ಚಚ್ಚಿಕೊಂಡಳು. "ನಾನು ಬೆಳಿಗ್ಗೇನೇ ಬಡ್ಕೊಂಡೆ! ಅಷ್ಟು ಚೆನ್ನಾಗಿದ್ದ ಕ್ಯಾಮೆರಾನ ಹಾಳು ಮಾಡ್ಕೊಂಡು ಬಂದ್ರಲ್ರೀ!"