ಹೊಸ್ತಿಲಲ್ಲಿ ಗ್ಯಾಲಕ್ಸಿ

ನಮ್ಮ ಚಿಕ್ಕಮ್ಮನಿಗೆ ಸಿಟ್ಟು ಬರಲು ಎದುರಿಗೆ ಮನುಷ್ಯರೇ ಇರಬೇಕೆಂದಿಲ್ಲ, ಒಂದು ಗ್ಯಾಲಕ್ಸಿ ಸಾಕು! ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾರೆ. ತಾಯಿಯಿಲ್ಲದ ನನ್ನನ್ನು ಚನ್ನರಾಯಪಟ್ಟಣದ ಮನೆಯಲ್ಲಿ ಸಾಕಿದವರೂ ಅವರೇ. ಆ ಋಣವೊಂದಿಲ್ಲದಿದ್ದರೆ ನಾನು ಎಂದೋ ಅವರ ಜೊತೆ ಮಾತು ಬಿಟ್ಟಿರುತ್ತಿದ್ದೆ.

ಒಮ್ಮೆ ಹಾಸನದ ಬಸ್ಸಿನಲ್ಲಿ ಯಾರೋ ಪಾಪದವರು ಮೊಬೈಲ್ ನೋಡುತ್ತ, "ದೊಡ್ಡ ಗ್ಯಾಲಕ್ಸಿ ಚಿಕ್ಕದನ್ನ ನುಂಗಾಕ್ತದಂತೆ" ಎಂದರು. ಚಿಕ್ಕಮ್ಮ ಎದ್ದೇ ನಿಂತರು.

"ನುಂಗಾಕೆ ಅದೇನು ರಾಗಿಮುದ್ದೆನೇನ್ರೀ? ದೊಡ್ಡದು ಎಳೀತದೆ, ಚಿಕ್ಕದು ಚದುರ್ತದೆ, ಅಷ್ಟೇಯ. ಅದ್ರ ನಕ್ಷತ್ರಗಳು ದೊಡ್ಡದರ ಸುತ್ತ ಉದ್ದಕೆ ಸಾಲಾಗಿ ತಿರುಗ್ತಾನೇ ಇರ್ತವೆ. ಎಲ್ಲೂ ಓಗಿರಲ್ಲ."

"ಮೇಡಮ್ಮೋರೆ, ನಕ್ಷತ್ರ ಇರ್ಲಿ, ನೀವು ಇಳಿಯೋ ಸ್ಟಾಪು ಓಯ್ತು" ಎಂದ ಕಂಡಕ್ಟರ್. ಅದಕ್ಕೂ ಬೈಗುಳ ತಿಂದವನು ಅವನೇ.

ನನ್ನ ಮದುವೆ ಅರಕಲಗೂಡಿನ ಹುಡುಗನ ಜೊತೆ ಗೊತ್ತಾದ ಮೇಲಂತೂ ಅವರ ಸಿಟ್ಟು ನೆತ್ತಿಗೇರಿತು. ಹುಡುಗನ ಮೇಲಲ್ಲ, ಅವನು ಒಳ್ಳೆಯವನೇ. ಸೀರೆ ಅಂಗಡಿಯಲ್ಲಿ ಗ್ಯಾಲಕ್ಸಿ, ಅಡುಗೆಯವರ ಮುಂದೆ ಗ್ಯಾಲಕ್ಸಿ! "ಚಿಕ್ಕಮ್ಮ, ನನ್ ಮದ್ವೇಲಾದ್ರೂ ಬಾಯ್ ಮುಚ್ಕಂಡಿರು" ಎಂದು ಕೈಮುಗಿದೆ. ಮುಚ್ಚಿಕೊಂಡರೇ?

ಮನೆ ತುಂಬಿಸುವ ಹೊತ್ತು. ಗಂಡನ ಮನೆಯ ಹೊಸ್ತಿಲ ಮೇಲಿದ್ದ ಅಕ್ಕಿ ಸೇರನ್ನು ಬಲಗಾಲಲ್ಲಿ ಒದ್ದೆ. ಅಕ್ಕಿ ನಡುಮನೆಯವರೆಗೂ ಉದ್ದಕ್ಕೆ ಚೆಲ್ಲಿತು. ಅತ್ತೆ ಬಗ್ಗಿ ಅದನ್ನು ಬೊಗಸೆಗೆ ಬಳಿಯುತ್ತ, "ಇನ್ ನೀನು ನಮ್ಮೋಳು ಕಣವ್ವ. ತವರು ಮರ್ತುಬುಡು" ಎಂದರು.

"ಮುಟ್ಬೇಡಿ ಅಕ್ಕಿಯ."

ಚಿಕ್ಕಮ್ಮ ನೆಂಟರನ್ನು ತಳ್ಳಿಕೊಂಡು ಬಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ವಿಡಿಯೊದವನು ಬೇರೆ ಕ್ಯಾಮೆರಾವನ್ನು ನನ್ನ ಬಿಟ್ಟು ಅವರತ್ತ ತಿರುಗಿಸಿದ.

"ನಕ್ಷತ್ರಗಳೂ ಇಂಗೇಯ. ಸಾಲು ಇಡ್ಕಂಡು ಇಂದಿಂದಕ್ಕೆ ನೋಡ್ಕಂಡ್ ಬಂದ್ರೆ ಎಲ್ಲಿಂದ ಬಂದ್ವು ಅಂತ ಗೊತ್ತಾಯ್ತದೆ" ಎಂದರು ಚಿಕ್ಕಮ್ಮ. ಅಕ್ಕಿಯ ಜಾಡು ಹಿಡಿದು ಬಂದ ಅವರ ಬೆರಳು ನನ್ನ ಪಾದಕ್ಕೆ ತಾಗಿ ನಿಂತಿತು. "ನಮ್ಮನೆಯಿಂದ ಬಂದೋಳು ಇವ್ಳು. ಯಾಕ್ ಮರೀಬೇಕು? ನೀವು ಮರ್ತಿದ್ದೀರಾ? ನಿಮ್ ತವರು ಯಾವೂರು?"

ಇಷ್ಟು ದಿನ ಅವರು ಊರೆಲ್ಲ ಜಗಳವಾಡಿದ್ದು ನನಗಾಗಿ ಎಂದು ಹೊಳೆದು ನನಗೆ ಅಳು ಬಂತು.

ಅತ್ತೆಯ ಬೊಗಸೆಯಲ್ಲಿದ್ದ ಅಕ್ಕಿ ಮತ್ತೆ ನೆಲಕ್ಕೆ ಜಾರಿತು.

"ಒಳೆನರಸೀಪುರ" ಎಂದರು. "ಈ ಮನೇಲಿ ಇಲ್ಲೀಗಂಟ ಯಾರೂ ಕೇಳೇ ಇರ್ಲಿಲ್ಲ."

ಜಗಳಕ್ಕೆ ಬಂದಿದ್ದ ಚಿಕ್ಕಮ್ಮ ಪಕ್ಕಕ್ಕೆ ಸರಿದು, ಅತ್ತೆಗೂ ಕೂರಲು ಜಾಗ ಮಾಡಿಕೊಟ್ಟರು.